ಎಣ್ಣೆಯಕ್ಕ ಕಾಯಿಸಿಕೊಟ್ಟ ನೀರು

ಆ ಹೊಳೆ ದಾಟುವ ಲಾಂಚಿನಲ್ಲಿ ಕೂತವರಿಗೆಲ್ಲ ಹಸಿವಾಗುತ್ತಿತ್ತು. ಮನೆಯಲ್ಲಿ ಹೊಟ್ಟೆ ಬಿರಿಯೆ ಉಂಡು ಹೊರಟವರಿಗೂ ನಡುನೀರಿಗೆ ಬರುವ ಹೊತ್ತಿಗೆ ಬಾಯಲ್ಲಿ ನೀರೂರುತ್ತಿತ್ತು. ಲಾಂಚಿನ ಹೊಗೆಕೊಳವೆಯಿಂದ ಬರುತ್ತಿದ್ದದ್ದು ಡೀಸೆಲ್ಲಿನ ಕಮಟಲ್ಲ. ಈಗಷ್ಟೇ ಯಾರೋ ಒಲೆಯಿಂದ ಬಾಣಲೆ ಇಳಿಸಿದ ಅಡುಗೆಮನೆಯ ವಾಸನೆ. "ವಾಸನೆ ಪುಕ್ಕಟೆ, ಟಿಕೆಟ್ಟಿಗೆ ಮಾತ್ರ ಕಾಸು," ಎಂದು ಟಿಕೆಟ್ ತಾತ ಟ್ರಿಪ್ಪಿಗೊಂದು ಸಲದಂತೆ ದಿನಕ್ಕೆ ಹದಿನಾರು ಸಲ ಹೇಳುತ್ತಿದ್ದ. ಹದಿನಾರು ಸಲವೂ ಯಾರಾದರೂ ಒಬ್ಬರು ನಗುತ್ತಿದ್ದರು.

ಈ ವಾಸನೆಯ ಮೂಲ ಎಣ್ಣೆಯಕ್ಕ. ಅವಳಿಗೆ ಬೇರೆ ಹೆಸರೊಂದು ಇತ್ತು, ಆದರೆ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿಕೊಂಡಿದ್ದವಳು. ಆ ವರ್ಷ ಎಲ್ಲಿಯದೋ ತಂಟೆಯಿಂದ ಮೂರು ವಾರ ಡೀಸೆಲ್ ಬರದೆ ಲಾಂಚು ದಡಕ್ಕೆ ಕಟ್ಟಿಹಾಕಿದ ಎಮ್ಮೆಯಂತೆ ನಿಂತುಬಿಟ್ಟಿತು. ಆಸ್ಪತ್ರೆ ಆಚೆ ದಡದಲ್ಲಿ, ರೋಗಿಗಳು ಈಚೆ ದಡದಲ್ಲಿ. ಆಗ ಅವಳು, ದಿನಾ ಗುಂಡಿಗೆ ಸುರಿಯುತ್ತಿದ್ದ ಕರಿದು ಕಪ್ಪಾದ ಎಣ್ಣೆಯನ್ನು ಒಂದು ಡಬ್ಬದಲ್ಲಿ ಹಿಡಿದುಕೊಂಡು ಹೋಗಿ ಎಂಜಿನ್ ಮೇಸ್ತ್ರಿಯನ್ನು ಕೇಳಿದಳು:

"ಮೇಸ್ತ್ರಿಗಳೇ, ಇದೂ ಉರಿಯುತ್ತಲ್ಲ. ನಿಮ್ಮ ಎಂಜಿನ್ನಿಗೆ ಯಾಕೆ ಆಗಲ್ಲ?"

ಮೇಸ್ತ್ರಿ ಮೊದಲು ನಕ್ಕ. ಆಮೇಲೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಲಾಂಚಿಗೆ ಎರಡನೆಯ ಟ್ಯಾಂಕು ಕೂರಿಸಿದ.

ಎಣ್ಣೆಯ ಗುಣ ಹೀಗೆ: ಬಿಸಿಯಾದಾಗ ನೀರಿನಂತೆ ಹರಿಯುತ್ತದೆ, ತಣ್ಣಗಾದರೆ ಮಂದವಾಗಿ ಕೂತುಬಿಡುತ್ತದೆ. ಅದಕ್ಕೆ ಲಾಂಚಿನಲ್ಲಿ ಚಿಕ್ಕ ಟ್ಯಾಂಕಿಗೆ ಡೀಸೆಲ್, ದೊಡ್ಡ ಟ್ಯಾಂಕಿಗೆ ಎಣ್ಣೆ, ನಡುವೆ ಕೆಂಪು ಹಿಡಿಯ ಒಂದು ವಾಲ್ವ್. ಬೆಳಿಗ್ಗೆ ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಬೇಕು. ಎಂಜಿನ್ನಿನ ಬಿಸಿನೀರು ದೊಡ್ಡ ಟ್ಯಾಂಕಿನೊಳಗಿನ ಸುರುಳಿಯಲ್ಲಿ ಸುತ್ತಿ ಎಣ್ಣೆಯನ್ನು ಕಾಯಿಸಿದ ಮೇಲೆ ವಾಲ್ವ್ ತಿರುಗಿಸಬೇಕು. ಸಂಜೆ ಕೊನೆಯ ಟ್ರಿಪ್ಪಿನಲ್ಲಿ, ದಡ ಮುಟ್ಟಲು ಕಾಲು ಗಂಟೆ ಇರುವಾಗ ಮತ್ತೆ ಡೀಸೆಲ್ಲಿಗೆ ತಿರುಗಿಸಬೇಕು. ಆಗ ಪೈಪು, ಎಂಜಿನ್ನಿನೊಳಗೆ ಎಣ್ಣೆ ಚಿಮ್ಮಿಸುವ ನೋಝಲ್ ಎಲ್ಲ ತೊಳೆದುಕೊಂಡು ಎಂಜಿನ್ನು ಶುದ್ಧವಾಗಿ ಮಲಗುತ್ತದೆ.

"ನಾವು ಏಳುವಾಗ, ಮಲಗುವಾಗ ದೇವರನ್ನ ನೆನೀತೀವಲ್ಲ, ಹಾಗೆ," ಎನ್ನುತ್ತಿದ್ದಳು ಅಕ್ಕ. "ನಡುವೆ ಹೊಟ್ಟೆಪಾಡಿನ ಕೆಲಸ ಏನು ಬೇಕಾದ್ರೂ ಮಾಡಲಿ."

ಆ ವಾಲ್ವ್ ಇದ್ದದ್ದು ಅವಳ ತಮ್ಮನ ಕೈಯಲ್ಲಿ. ಲಾಂಚಿನ ಎಂಜಿನ್ ಡ್ರೈವರ್ ಅವನೇ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು, ಅವಳಿಗೆ ಹದಿಮೂರು. ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಮದುವೆ ಎರಡು ಸಲ ಅವಳ ಬಾಗಿಲ ತನಕ ಬಂದು, ತಮ್ಮನನ್ನು ಏನು ಮಾಡುತ್ತೀಯ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಹೋಗಿತ್ತು. ಈಗ ಅವನಿಗೆ ಮೂವತ್ತೈದು ದಾಟಿದರೂ ಅವಳಿಗೆ ಪುಟ್ಟನೇ. ಲಾಂಚಿನ ಜನಕ್ಕೆ ಮಾತ್ರ ಅವನು "ಬಾಣಲೆ".

"ಏ ಬಾಣಲೆ, ಉರಿ ಸ್ವಲ್ಪ ಜೋರು ಮಾಡಪ್ಪ, ಆಫೀಸಿಗೆ ಹೊತ್ತಾಯ್ತು!"

"ಬಾಣಲೇನ ಬೈಬೇಡ್ರೋ, ಸೀದುಹೋಗ್ತಾನೆ!"

ಅಕ್ಕ ಇದನ್ನು ಕೇಳಿ ನಗುತ್ತಿದ್ದಳು. ತನ್ನನ್ನು ಎಣ್ಣೆಯಕ್ಕ ಅಂದರೆ ಅವಳಿಗೆ ಹೆಮ್ಮೆ. ಅವನಿಗೂ ಹಾಗೇ ಇರಬೇಕು ಅಂದುಕೊಂಡಿದ್ದಳು.

ಮನೆಯ ಹಿಂದಿನ ತಗಡಿನ ಕೋಣೆಯೇ ಅವಳ ಕಾರ್ಖಾನೆ. ಹಾಸ್ಟೆಲು, ಕ್ಯಾಂಟೀನುಗಳಿಂದ ತಂದ ಎಣ್ಣೆಯನ್ನು ಮೊದಲು ಹಳೆಯ ಹೊದಿಕೆಯಲ್ಲಿ, ಆಮೇಲೆ ತೆಳು ಬಟ್ಟೆಯಲ್ಲಿ, ಕೊನೆಗೆ ಉಣ್ಣೆಯ ಚೀಲದಲ್ಲಿ ಸೋಸಿ, ಡ್ರಮ್ಮಿನಲ್ಲಿ ಎಂಟು ದಿನ ಅಲುಗಾಡಿಸದೆ ಬಿಡುತ್ತಿದ್ದಳು. ಒಂಬತ್ತನೆಯ ದಿನ ಪರೀಕ್ಷೆ. ಸಣ್ಣ ಬಾಂಡಲಿಯೊಂದನ್ನು ಕಾಯಿಸಿ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು, ಕಣ್ಣು ಮುಚ್ಚಿ ಕಿವಿ ಹತ್ತಿರ ತರುವಳು. ಚಟ್ ಎಂದು ಒಂದೇ ಒಂದು ಸದ್ದು ಬಂದರೂ ಎಣ್ಣೆಯಲ್ಲಿ ನೀರಿದೆ ಎಂದು ಅರ್ಥ. ಇಡೀ ಡ್ರಮ್ಮು ಹಿಂದಕ್ಕೆ. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿಲ್ಲ. ನೋಡಿದವರಿಗೆ ಪ್ರಾರ್ಥನೆಗೆ ಕೂತಂತೆ ಕಾಣುತ್ತಿತ್ತು. ಅವಳಿಗೂ ಅದು ಹಾಗೆಯೇ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಮೂರನೆಯ ಟ್ರಿಪ್ಪಿನಲ್ಲಿ, ಲಾಂಚು ನಡುಹೊಳೆಯಲ್ಲಿ ಕೆಮ್ಮಿತು. ಕಡುಗಪ್ಪು ಹೊಗೆ ಕಾರಿತು. ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ನಾಲ್ಕು ಸಲ ಸದ್ದಾಗಿ ಎಂಜಿನ್ನು ಜಾಮ್ ಆಯಿತು. ಅರವತ್ತು ಜನ, ಎರಡು ಕಾರು, ಹೆರಿಗೆ ನೋವಿನ ಒಬ್ಬಳು ಹೆಂಗಸು. ಮೀನಿನ ದೋಣಿಗಳು ಹಗ್ಗ ಹಾಕಿ ಎಳೆದು ದಡಕ್ಕೆ ಮುಟ್ಟಿಸುವಷ್ಟರಲ್ಲಿ ಒಂದೂವರೆ ಗಂಟೆ. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ಒಂದೂವರೆ ಗಂಟೆ ಊರಿನ ಬಾಯಿಯಿಂದ ಇಳಿಯಲಿಲ್ಲ.

ಲಾಂಚಿನ ಸಮಿತಿ ಕೂಡಿತು. ಅಧ್ಯಕ್ಷೆ ನಿವೃತ್ತ ಶಿಕ್ಷಕಿ, ಎಲ್ಲರಿಗೂ ಟೀಚರಮ್ಮ. ಕಾಯುವ ಕೊಠಡಿಯ ಬೆಂಚುಗಳ ಮೇಲೆ ಜನ ಕಿಕ್ಕಿರಿದಿದ್ದರು. ಒಬ್ಬ ಎದ್ದು, "ಕರಿದು ಬಿಸಾಕೋ ಎಣ್ಣೇನ ಎಂಜಿನ್ನಿಗೆ ಹೊಯ್ದರೆ ಇನ್ನೇನಾಗುತ್ತೆ? ನಮ್ಮ ಜೀವ ಏನು ಹುಡುಗಾಟವಾ?" ಎಂದ. ಒಂಬತ್ತು ವರ್ಷ ಅದೇ ಎಣ್ಣೆಯಲ್ಲಿ ಹೊಳೆ ದಾಟಿದವನು ಅವನು.

ಎಣ್ಣೆಯಕ್ಕ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಮುಂದೆ ಬಂದು ಕೈ ಮುಗಿದ. ಅವನ ಕಣ್ಣಲ್ಲಿ ನೀರಿತ್ತು.

"ದಯವಿಟ್ಟು ನಮ್ಮಕ್ಕನ್ನ ಏನೂ ಅನ್ನಬೇಡಿ. ಅವಳು ಬೇಕಂತ ಮಾಡಿದ್ದಲ್ಲ. ಎಲ್ಲೋ ಒಂದು ಡ್ರಮ್ಮಲ್ಲಿ ನೀರು ಉಳಿದುಬಿಟ್ಟಿರಬೇಕು. ಗೊತ್ತಿಲ್ಲದೆ ಆಗಿರೋ ತಪ್ಪು. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಜನ ಕರಗಿದರು. "ಇದ್ದರೆ ಇಂಥ ತಮ್ಮ ಇರಬೇಕು," ಎಂದು ಹೆಂಗಸೊಬ್ಬಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಎಣ್ಣೆಯಕ್ಕನಿಗೂ ಅಳು ಬಂತು. ತಪ್ಪು ಮಾಡಿದೆನಲ್ಲ ಎನ್ನುವ ಸಂಕಟ ಒಂದು ಕಡೆ. ಸೊಂಟದ ಮೇಲೆ ಹೊತ್ತದ್ದು ಸಾರ್ಥಕವಾಯಿತು ಎನ್ನುವ ಹಿಗ್ಗು ಇನ್ನೊಂದು ಕಡೆ. ಅವಳೂ ಕೈ ಮುಗಿದಳು. "ನನ್ನದೇ ತಪ್ಪಿರಬೇಕು," ಎಂದಳು.

ಎಣ್ಣೆ ನಿಲ್ಲಿಸುವುದು, ಹೊಸ ಡೀಸೆಲ್ ಎಂಜಿನ್ ತರಿಸುವುದು, ಅದಕ್ಕೂ ತಮ್ಮನೇ ಡ್ರೈವರ್ ಎಂದು ಬಹುಪಾಲು ತೀರ್ಮಾನವಾದ ಹಾಗೇ ಆಯಿತು. ಟೀಚರಮ್ಮ ಮಾತ್ರ ಕನ್ನಡಕ ತೆಗೆದು, "ಉತ್ತರಪತ್ರಿಕೆ ನೋಡದೆ ಅಂಕ ಹಾಕೋ ಅಭ್ಯಾಸ ನನಗಿಲ್ಲ. ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಲಿ. ಮುಂದಿನ ವಾರ ಮತ್ತೆ ಸೇರೋಣ," ಎಂದಳು.

ಆ ವಾರ ಎಣ್ಣೆಯಕ್ಕ ಕೋಣೆಯ ಹನ್ನೊಂದು ಡ್ರಮ್ಮುಗಳನ್ನೂ ಮತ್ತೆ ಪರೀಕ್ಷಿಸಿದಳು. ಬಾಂಡಲಿ ಹನ್ನೊಂದು ಸಲವೂ ಸುಮ್ಮನಿತ್ತು. ಅಷ್ಟಾದರೂ ಅವಳಿಗೆ ಸಮಾಧಾನವಿಲ್ಲ. ದೇವರ ಮುಂದೆ ಕೂತಾಗ ನ್ಯಾಯ ಕೇಳಲಿಲ್ಲ, ಹೆಸರು ಉಳಿಸು ಎಂದೂ ಕೇಳಲಿಲ್ಲ. "ತಪ್ಪು ಎಲ್ಲಾಯ್ತು, ಅಷ್ಟು ತೋರಿಸು ಸಾಕು," ಎಂದಳು. ತಮ್ಮ ಆ ವಾರವೆಲ್ಲ ಎಂದೂ ಇಲ್ಲದಷ್ಟು ಅಕ್ಕರೆಯಿಂದಿದ್ದ. ತಾನೇ ಟೀ ಮಾಡಿ ತಂದುಕೊಡುತ್ತಿದ್ದ. "ಬಿಡಕ್ಕಾ, ಎಷ್ಟೂಂತ ಕೊರಗ್ತೀಯ. ಇನ್ನು ನೀನು ಆರಾಮಾಗಿರು. ನಾನಿಲ್ವಾ?" ಎನ್ನುತ್ತಿದ್ದ.

ಐದನೆಯ ದಿನ ಮೇಸ್ತ್ರಿ ಹೇಳಿಕಳಿಸಿದ.

ಲಾಂಚಿನ ಎಂಜಿನ್ ಕೋಣೆಯಲ್ಲಿ ಮೇಸ್ತ್ರಿ ಮಂಡಿಯೂರಿ ಕೂತಿದ್ದ. ಹಳೆಯ ಪೇಪರಿನ ಮೇಲೆ ಬಿಚ್ಚಿದ ಭಾಗಗಳು ಸಾಲಾಗಿ ಮಲಗಿದ್ದವು. "ಬಾ ತಾಯಿ. ನೀರಿದ್ದರೆ ಪಂಪಿನೊಳಗೆ ತುಕ್ಕು ಹಿಡಿದಿರಬೇಕು. ನೋಡು, ಕನ್ನಡಿ ಹಾಗಿದೆ. ನಿನ್ನ ಎಣ್ಣೇಲಿ ನೀರಿರಲಿಲ್ಲ."

ಅವಳಿಗೆ ನಿಂತ ಉಸಿರು ಬಂದಂತಾಯಿತು. "ಹಾಗಾದರೆ?"

ಮೇಸ್ತ್ರಿ ಒಂದು ನೋಝಲ್ ಎತ್ತಿ ಕೊಟ್ಟ. ಅದರ ತುದಿಗೆ ಕರಿ ಹೂಕೋಸಿನಂತೆ ಮಸಿ ಗಟ್ಟಿಯಾಗಿ ಕಟ್ಟಿತ್ತು. ಆಮೇಲೆ ಎಂಜಿನ್ನಿನ ತಳದ ಚೇಂಬರಿನಿಂದ ಬೆರಳಲ್ಲಿ ಎಂಜಿನ್ ಆಯಿಲ್ ತೆಗೆದು ತೋರಿಸಿದ. ಹರಿಯಬೇಕಾದದ್ದು ಹಲ್ವಾದಂತೆ ಬೆರಳಿಗೇ ಅಂಟಿಕೊಂಡಿತು. "ತಣ್ಣಗಿನ ಎಣ್ಣೆ ಸರಿಯಾಗಿ ಉರೀದೆ ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗಿಳಿದು ಈ ಆಯಿಲ್ಲಿಗೆ ಸೇರಿದೆ. ಇದು ಒಂದು ದಿನದ್ದಲ್ಲ. ಎರಡು ತಿಂಗಳಾದ್ರೂ ಆಗಿರಬೇಕು. ಡೀಸೆಲ್ಲಿನ ಚಿಕ್ಕ ಟ್ಯಾಂಕು ನೋಡು."

ನೋಡಿದಳು. ಟ್ಯಾಂಕು ಕಂಠದ ತನಕ ತುಂಬಿತ್ತು. ಮುಚ್ಚಳದ ಮೇಲಿನ ಧೂಳಿನಲ್ಲಿ ಒಂದು ಬೆರಳ ಗುರುತೂ ಇರಲಿಲ್ಲ.

"ಮರೆತಿರಬೇಕು," ಎಂದಳು ಅಕ್ಕ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಕೆಲಸದ ಗಡಿಬಿಡಿ... ಹುಡುಗ ಮರೆತಿರಬೇಕು."

ಮೇಸ್ತ್ರಿ ಒಳ್ಳೆಯ ಮನುಷ್ಯ, ಹೇಳಬೇಕೋ ಬೇಡವೋ ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ನಾಲ್ಕು ಸಲ ತಿರುಗಿಸಿದ. "ಮರೆತವನಿಗೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗಬಾರದಲ್ಲ ತಾಯಿ. ಪೈಪಲ್ಲಿ ಎಣ್ಣೆ ಮಂದವಾಗಿ ಕೂತಿರುತ್ತೆ. ಅದನ್ನ ಕಾಯಿಸಿ ಕರಗಿಸಬೇಕು. ಪೈಪಿಗೆ ಇದನ್ನ ಸುತ್ತಿ ಮೇಲೆ ಕುದಿಯೋ ನೀರು ಹೊಯ್ದಿದ್ದಾನೆ. ದಿನಾ."

ಅವನು ಎತ್ತಿ ಹಿಡಿದದ್ದು ಒಂದು ಟವೆಲು. ಬಿಸಿನೀರು ಕುಡಿದು ಕುಡಿದು ಬಣ್ಣ ಹೋಗಿದ್ದರೂ ಅಂಚಿನ ನೀಲಿ ಹೊಲಿಗೆ ಉಳಿದಿತ್ತು. ಹರಿದ ಅಂಚಿಗೆ ಆ ಹೊಲಿಗೆ ಹಾಕಿದವಳು ಅವಳೇ.

ಎರಡು ತಿಂಗಳಿಂದ ದಿನಾ ಬೆಳಿಗ್ಗೆ ತಮ್ಮ ಹೇಳುತ್ತಿದ್ದ: "ಅಕ್ಕಾ, ದೊಡ್ಡ ಫ್ಲಾಸ್ಕಿಗೆ ಕುದಿಯೋ ನೀರು ಹಾಕಿಕೊಡು. ಲಾಂಚಲ್ಲಿ ಟೀ ಮಾಡ್ಕೋತೀನಿ." ಅವನಿಗಿಂತ ಅರ್ಧ ಗಂಟೆ ಮೊದಲು ಎದ್ದು, ನೀರು ಕುದಿಸಿ, ಫ್ಲಾಸ್ಕಿನ ಬಿರಡೆ ಬಿಗಿಯಾಗಿ ತಿರುಗಿಸಿ, ಕೈ ಸುಟ್ಟುಕೊಂಡೀಯ ಜೋಕೆ ಎಂದು ಹೇಳಿ ಕಳಿಸುತ್ತಿದ್ದಳು.

ತಪ್ಪು ತೋರಿಸು ಎಂದು ಕೇಳಿದ್ದಳು. ದೇವರು ತೋರಿಸಿದ. ಆ ಹೊತ್ತಿನಲ್ಲಿ ಅವಳಿಗೆ, ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

"ನಾನು ಹೇಳಲಾ, ನೀನು ಹೇಳ್ತೀಯಾ?" ಎಂದ ಮೇಸ್ತ್ರಿ.

"ಅವನೇ ಹೇಳಲಿ," ಎಂದಳು ಅಕ್ಕ.

ಮನೆಯಲ್ಲಿ ತಮ್ಮ ಮೆಟ್ಟಿಲ ಮೇಲೆ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ. ಹೊಸ ಎಂಜಿನ್ನು ಬಂದರೆ ಡ್ರೈವರನಿಗೆ ಬಿಳಿ ಸಮವಸ್ತ್ರವಂತೆ. ಶೂ ಅದಕ್ಕೆ ಜೊತೆ. ಅಕ್ಕ ಎದುರು ನಿಂತಳು.

"ಪುಟ್ಟಾ, ಫ್ಲಾಸ್ಕಿನ ನೀರಲ್ಲಿ ಎಷ್ಟು ದಿನ ಟೀ ಮಾಡಿದೆ?"

ಅವನ ಬ್ರಷ್ಷು ನಿಂತಿತು. ಸುಳ್ಳು ಹುಡುಕುವವನ ಕಣ್ಣು ಒಂದು ಕ್ಷಣ ಅತ್ತಿತ್ತ ಓಡಿತು, ಆಮೇಲೆ ಬಿಟ್ಟುಕೊಟ್ಟಿತು.

"ಮೇಸ್ತ್ರಿ ಹೇಳಿದನಾ?"

"ಟವೆಲು ಹೇಳ್ತು."

"ಅಕ್ಕಾ, ನಿಂಗೆ ಗೊತ್ತಾಗಲ್ಲ." ಅವನು ಬ್ರಷ್ಷನ್ನು ಮೆಟ್ಟಿಲ ಮೇಲೆ ಕುಕ್ಕಿದ. "ಬಾಣಲೆ, ಬಾಣಲೆ, ಬಾಣಲೆ. ದಿನಾ ಹದಿನಾರು ಟ್ರಿಪ್ಪು. ಸ್ನಾನ ಮಾಡಿದ್ರೂ ಮೈಯಿಂದ ಹೋಗಲ್ಲ. ಹೆಣ್ಣು ನೋಡೋಕೆ ಹೋದಾಗ ಆ ಹುಡುಗಿ ಮೂಗಿಗೆ ಕರ್ಚೀಫ್ ಹಿಡಿದಳು, ಗೊತ್ತಾ? ನಿಂಗೆ ಊರೆಲ್ಲಾ ಕೈ ಮುಗಿಯುತ್ತೆ. ನಗೋದು ನನ್ನ ನೋಡಿ."

"ನನಗೆ ಹೇಳಬಹುದಿತ್ತಲ್ಲೋ."

"ಹೇಳಿದ್ರೆ ಬಿಡ್ತಿದ್ಯಾ? ನಿನ್ನ ಎಣ್ಣೆ ನಿಂಗೆ ದೇವರು. ಎಂಜಿನ್ ಹಾಳಾಗಲಿ ಅಂತಿತ್ತು, ಹೌದು. ನಿನ್ನ ಹೆಸರು ಕೆಡಲಿ ಅಂತ ಆಣೆಗೂ ಇರಲಿಲ್ಲ."

"ಹಾಳಾದ ಮೇಲೆ ಯಾರ ಹೆಸರು ಹೇಳಿದೆ?"

"ನಿನ್ನ ಪರವಾಗಿ ಅತ್ತೆನಲ್ಲಕ್ಕಾ!"

ಈ ಮಾತು ಅವನು ಪೂರ್ತಿ ನಂಬಿ ಹೇಳಿದ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಮಾಡದ ತಪ್ಪಿಗೆ ಕ್ಷಮೆ ಕೊಡಿಸಿ, ಅದನ್ನೂ ಉಪಕಾರದ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾನೆ. ಆ ದಿನ ಹಿಗ್ಗಿನಿಂದ ತಾನು ಸುರಿಸಿದ ಕಣ್ಣೀರು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

"ನಾಡಿದ್ದು ಸಭೆ ಇದೆ," ಎಂದಳು. "ನೀನೇ ಎದ್ದು ಹೇಳು. ಸಿಟ್ಟಲ್ಲಿ ಮಾಡಿದೆ, ತಪ್ಪಾಯ್ತು ಅನ್ನು. ನಾನು ನಿನ್ನ ಪಕ್ಕದಲ್ಲೇ ನಿಂತಿರ್ತೀನಿ. ಏನೇ ಬಂದರೂ ಇಬ್ಬರೂ ಸೇರಿ ತಗೊಳ್ಳೋಣ."

ಅವನು ಶೂ ಎತ್ತಿ ಪಕ್ಕಕ್ಕಿಟ್ಟ. "ಆಯ್ತಕ್ಕಾ," ಎಂದ. "ಹೇಳ್ತೀನಿ."

ಅವಳು ನಂಬಿದಳು. ಮೂವತ್ತೊಂದು ವರ್ಷದ ಅಭ್ಯಾಸ.

ಸಭೆಯ ದಿನ ಕಾಯುವ ಕೊಠಡಿ ಮತ್ತೆ ತುಂಬಿತು. ಮೇಸ್ತ್ರಿ ಎದ್ದು, ಪಂಪಿನಲ್ಲಿ ತುಕ್ಕಿಲ್ಲ, ಎಣ್ಣೆಯಲ್ಲಿ ನೀರಿನ ಸುಳಿವಿಲ್ಲ, ಡೀಸೆಲ್ಲಿನಿಂದ ಪೈಪು ತೊಳೆಯದೆ ನಿಲ್ಲಿಸಿದ್ದರಿಂದ ಎಂಜಿನ್ನು ಕೆಟ್ಟಿದೆ ಎಂದಷ್ಟೇ ಹೇಳಿ ಕೂತ. ಟವೆಲಿನ ಮಾತೆತ್ತಲಿಲ್ಲ, ಅಕ್ಕನಿಗೆ ಮಾತು ಕೊಟ್ಟಿದ್ದ.

ಟೀಚರಮ್ಮ ತಮ್ಮನ ಕಡೆ ತಿರುಗಿದಳು. "ವಾಲ್ವ್ ನಿನ್ನ ಕೈಯಲ್ಲಿತ್ತಲ್ಲಪ್ಪ. ಏನು ಹೇಳ್ತೀಯ?"

ಎಣ್ಣೆಯಕ್ಕ ಅವನ ಪಕ್ಕದಲ್ಲೇ ನಿಂತಿದ್ದಳು, ಹೇಳಿದ ಹಾಗೆ. ಅವನು ಎದ್ದ. ಅವಳ ಕಡೆ ನೋಡಲಿಲ್ಲ.

"ನಾನು ದಿನಾ ತಿರುಗಿಸಿದ್ದೀನಿ ಮೇಡಂ. ಮೇಸ್ತ್ರಿ ದೊಡ್ಡವರು, ಆದರೆ ಅವರೂ ಅಂದಾಜಿನ ಮೇಲೆ ಹೇಳ್ತಿರೋದು. ಇದನ್ನ ಹೇಳಬಾರದು ಅಂತಿದ್ದೆ..." ಅವನ ದನಿ ಮೆತ್ತಗಾಯಿತು. "ಅಕ್ಕನಿಗೆ ಕಿವಿ ಮಂದ ಆಗಿದೆ. ಒಂದು ವರ್ಷ ಆಯ್ತು. ಮನೇಲಿ ಎರಡು ಸಲ ಕೂಗಬೇಕು. ಬಾಂಡಲಿ ಸದ್ದು ಅವಳಿಗೆ ಕೇಳಿಸೋದೇ ಇಲ್ಲ. ಅವಳು ಒಪ್ಪಲ್ಲ ಪಾಪ. ನಾನೇ ಮುಚ್ಚಿಟ್ಟಿದ್ದೆ."

ಕೊಠಡಿಯಲ್ಲಿ ಅಯ್ಯೋ ಎಂಬ ಸಣ್ಣ ಉದ್ಗಾರ ಎದ್ದಿತು. ಹಿಂದಿನ ಬೆಂಚಿನಿಂದ ಒಬ್ಬ ಪಿಸುಗುಟ್ಟಿದ: "ನನಗೂ ಅನುಮಾನ ಇತ್ತು ಕಣಯ್ಯ." ಆ ಪಿಸುಮಾತು, ಅದಕ್ಕೂ ಹಿಂದೆ ಕೂತವಳ ನಿಟ್ಟುಸಿರು, ಹೊರಗೆ ಲಾಂಚಿನ ಹಗ್ಗ ಕಂಬಕ್ಕೆ ತಿಕ್ಕುವ ಕಿರುಸದ್ದು, ಎಲ್ಲವೂ ಎಣ್ಣೆಯಕ್ಕನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಎಂಜಿನ್ನು ಸಿಟ್ಟಿನಲ್ಲಿ ಕೆಡಿಸಿದ್ದ. ಮೊದಲ ಸಭೆಯಲ್ಲಿ ಹೆದರಿ ಅವಳ ಹೆಸರು ಹೇಳಿದ್ದ. ಇದು ಹಾಗಲ್ಲ. ಇದನ್ನು ಎರಡು ದಿನ ಅವಳು ಬಡಿಸಿದ ಅನ್ನ ಉಣ್ಣುತ್ತ ಯೋಚಿಸಿ ತಯಾರಿಸಿದ್ದ.

ಅವಳು ದನಿ ಎತ್ತಲಿಲ್ಲ. ಶಾಪ ಹಾಕಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳಿದಳು.

"ಎರಡು ತಿಂಗಳು ಅವನು ವಾಲ್ವ್ ತಿರುಗಿಸಿಲ್ಲ. ಬೇಕಂತಲೇ. ಬೆಳಿಗ್ಗೆ ಪೈಪಿಗೆ ಬಿಸಿನೀರು ಹೊಯ್ದು ಸ್ಟಾರ್ಟ್ ಮಾಡಿದ್ದಾನೆ. ನೀರು ಕಾಯಿಸಿಕೊಟ್ಟವಳು ನಾನು, ಯಾಕೆ ಅಂತ ಗೊತ್ತಿರಲಿಲ್ಲ. ಪೈಪಿಗೆ ಸುತ್ತಿದ್ದ ಟವೆಲು ನಮ್ಮ ಮನೇದು. ಮೇಸ್ತ್ರಿಗಳ ಹತ್ತಿರ ಇದೆ. ಮೊನ್ನೆ ನನ್ನ ಹತ್ತಿರ ಒಪ್ಪಿಕೊಂಡ. ನಮ್ಮ ಎಣ್ಣೆ ಶುದ್ಧವಾಗಿತ್ತು."

ಮೇಸ್ತ್ರಿ ಚೀಲದಿಂದ ಟವೆಲು ತೆಗೆದು ಮೇಜಿನ ಮೇಲಿಟ್ಟ. ಟಿಕೆಟ್ ತಾತನೂ ಎದ್ದ. "ಬೆಳಿಗ್ಗೆ ಬೆಳಿಗ್ಗೆ ಬಿಳಿ ಹೊಗೆ ಬರ್ತಿತ್ತು ಟೀಚರಮ್ಮ. ಕೇಳಿದ್ರೆ ಚಳಿಗೆ ಹಾಗೇ ತಾತ ಅಂದಿದ್ದ. ಎರಡು ತಿಂಗಳು ಅಂದ್ರೆ ಸರಿಹೋಗುತ್ತೆ."

ಟೀಚರಮ್ಮ ಟವೆಲನ್ನು ನೋಡಿದಳು, ತಮ್ಮನನ್ನು ನೋಡಿದಳು, ಆಮೇಲೆ ಕಾಗದದ ಮೇಲೆ ನಿಧಾನವಾಗಿ ಬರೆಯತೊಡಗಿದಳು. ಎಣ್ಣೆ ಮುಂದುವರಿಯಲಿ, ಎಂಜಿನ್ನನ್ನು ಮೇಸ್ತ್ರಿ ದುರಸ್ತಿ ಮಾಡಲಿ, ಡ್ರೈವರನನ್ನು ಕೆಲಸದಿಂದ ಬಿಡಿಸಲಾಗಿದೆ. ಮೊದಲ ಸಭೆಯಲ್ಲಿ ಎದ್ದು ಬೈದವನೇ ಮುಂದೆ ಬಂದು, "ನಮಗೆ ಗೊತ್ತಿತ್ತು ಬಿಡಿ ಅಕ್ಕಾ," ಎಂದ. ಅವಳಿಗೆ ಅದು ಕೇಳಿಸಿದರೂ ಒಳಗಿಳಿಯಲಿಲ್ಲ. ಗೆದ್ದವಳಂತೆ ಅವಳ ಸುತ್ತ ಜನ ನಿಂತಿದ್ದರು. ಸಾವಿನ ಮನೆಯಲ್ಲಿ ನಿಂತಂತೆ ಅವಳು ನಡುವೆ ನಿಂತಿದ್ದಳು.

ಸಂಜೆ ಮನೆಗೆ ಹೋದಾಗ ತಮ್ಮ ಬಟ್ಟೆ ತುಂಬುತ್ತಿದ್ದ. ಪಾಲಿಶ್ ಹಾಕಿದ ಶೂ ಚೀಲದ ಮೇಲ್ಗಡೆ ಇತ್ತು.

"ಎಲ್ಲಿಗೋ?"

"ಎಲ್ಲಿಗೋ ಒಂದು ಕಡೆ."

"ನಾನು ಮೊದಲೇ ಹೇಳಿದ್ದೆನಲ್ಲ ಪುಟ್ಟಾ, ಜೊತೆಗೆ ನಿಂತಿರ್ತೀನಿ ಅಂತ. ನಿಂತಿದ್ದೆನಲ್ಲ."

ಅವನು ಚೀಲದ ಜಿಪ್ ಎಳೆದು ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ನಾಚಿಕೆ ಹುಡುಕಿದಳು, ಇರಲಿಲ್ಲ. ಇದ್ದದ್ದು ನೋವು. ಮೋಸಹೋದವನ ನೋವು, ಸಾಚಾ ನೋವು.

"ಮೊದಲನೇ ಸಭೇಲಿ ನಾನು ನಿನ್ನ ಪರವಾಗಿ ಮಾತಾಡಿದೆ," ಎಂದ. "ಎರಡನೇ ಸಭೇಲಿ ನೀನು ನನ್ನ ವಿರುದ್ಧ ಮಾತಾಡಿದೆ. ಜನ ನೋಡಿದ್ದು ಅಷ್ಟೇ. ನಾನು ನೋಡಿದ್ದೂ ಅಷ್ಟೇ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅದರಲ್ಲಿ ಸತ್ಯವೆಂಬುದು ಎಳ್ಳಷ್ಟೂ ಇರಲಿಲ್ಲ. ಇಂಥ ಮಾತಿನಲ್ಲಿ ಒಬ್ಬ ಮನುಷ್ಯ ಮನೆ ಮಾಡಿಕೊಂಡುಬಿಟ್ಟರೆ ಅವನನ್ನು ಹೊರಗೆ ಕರೆಯುವುದು ಹೇಗೆ? ಅವನು ಹೊಸ್ತಿಲು ದಾಟುವಾಗ ಚೀಲ ತಗುಲದಿರಲೆಂದು ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

ಎರಡು ತಿಂಗಳಲ್ಲಿ ಎಂಜಿನ್ನು ಮತ್ತೆ ಉಸಿರಾಡಿತು. ಹೊಸ ಡ್ರೈವರ್ ಸಿಗುವ ತನಕ ನೀವೇ ನೋಡಿಕೊಳ್ಳಿ ಎಂದು ಟೀಚರಮ್ಮ ಹೇಳಿದ್ದರಿಂದ, ಮೇಸ್ತ್ರಿಯ ಹತ್ತಿರ ಕೆಲಸ ಕಲಿತು ಎಣ್ಣೆಯಕ್ಕನೇ ಎಂಜಿನ್ ಕೋಣೆಗೆ ಇಳಿದಳು. ಹೊಸ ಡ್ರೈವರನನ್ನು ಹುಡುಕುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ತಮ್ಮನಿಗೆ ಆಚೆ ದಡದ ಟೈರ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಈಚೆ ದಡದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾನೆ ಎಂದು ಟಿಕೆಟ್ ತಾತ ಹೇಳಿದ. ಹೊಳೆ ದಾಟಲು ಬೇರೆ ದಾರಿಯಿಲ್ಲ. ಬಂದೇ ಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಬಂದರೆ ಏನು ಮಾತಾಡಬೇಕೆಂದು ಹಲವು ಬೆಳಿಗ್ಗೆ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಉಂಡೆಯೇನೋ, ಮೈಗೆ ಹುಷಾರಾ, ಸಿಟ್ಟು ಇಳಿದಾಗ ಮನೆಗೆ ಬಾ.

ಅವನು ಬಂದ. ಎರಡನೆಯ ಟ್ರಿಪ್ಪಿಗೆ, ಜನರ ನಡುವೆ. ಸ್ವಲ್ಪ ಸೊರಗಿದ್ದ. ಎಂಜಿನ್ ಕೋಣೆಯ ಕಿಂಡಿಯ ಮುಂದೆ ನಿಂತು ವಾಚು ನೋಡಿಕೊಂಡ. ಅಕ್ಕ ಕೈ ಒರೆಸಿಕೊಂಡು ಎದ್ದು ನಿಂತಳು. ಅವನು ಬಗ್ಗಿ, ದಾರಿಹೋಕರನ್ನು ಕೇಳುವ ವಿನಯದ ದನಿಯಲ್ಲಿ ಕೇಳಿದ:

"ಅಮ್ಮಾ, ಲಾಂಚು ಎಷ್ಟೊತ್ತಿಗೆ ಬಿಡುತ್ತೆ?"

ಯಾರನ್ನು ಕೇಳುತ್ತಿದ್ದಾನೆಂದು ಅವಳು ಹಿಂದೆ ತಿರುಗಿ ನೋಡಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಇನ್ನೈದು ನಿಮಿಷ," ಎಂದಳು. ಆಮೇಲೆ, ಬೇರೆ ಪ್ರಯಾಣಿಕರಿಗೆ ಹೇಳುವ ಹಾಗೆ, "ಒಳಗೆ ಕೂತ್ಕೊಳ್ಳಿ" ಎಂದಳು.